ಸುಂಕದ ಕಟ್ಟೆ ಮತ್ತು ಊರ ಕುಲುಮೆ

ಬಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನಬಾಗೇವಾಡಿ ಮತ್ತು ಮುದ್ದೇಬಿಹಾಳ ತಾಲ್ಲೂಕುಗಳ ಬಹುಭಾಗ ದಖನ್ನಿನ ಟ್ರಾಪ್ ಶಿಲೆಯ ಮೇಲೆ, ಅಂದರೆ ಹಿಂದೆಂದೋ ಹರಿದ ಲಾವಾ ಗಟ್ಟಿಯಾಗಿ ಉಂಟಾದ ಕಪ್ಪುಕಲ್ಲಿನ ಹಾಸಿನ ಮೇಲೆ ಹರಡಿಕೊಂಡಿದೆ. ಈ ಕಲ್ಲು ಸವೆದು ಆದ ಎರೆಮಣ್ಣು ಜೋಳಕ್ಕೂ ಹತ್ತಿಗೂ ಹೇಳಿ ಮಾಡಿಸಿದ್ದು. ಆದರೆ ಕರಗಿಸಿ ಲೋಹ ತೆಗೆಯುವಂಥ ಅದಿರಾಗಲಿ, ಕರಗಿಸುವುದಕ್ಕೆ ಬೇಕಾಗುವ ದಟ್ಟ ಅಡವಿಯಾಗಲಿ ಇಲ್ಲಿಲ್ಲ. ಮುದ್ದೇಬಿಹಾಳದ ಕಡೆ ತಾಳಿಕೋಟೆಯ ಸುಣ್ಣಗಲ್ಲು ಕಾಣಿಸಿಕೊಂಡರೂ ಲೋಹದ ವಿಷಯದಲ್ಲಿ ಅದರಿಂದ ಲಾಭವೇನೂ ಆಗಿಲ್ಲ. ಹೀಗಾಗಿ ರಂಟೆಯ ಕುಡದಿಂದ ಹಿಡಿದು ಹೆಣ್ಣುಮಕ್ಕಳ ಬೆಳ್ಳಿಯ ಕಾಲ್ಗಡಗದವರೆಗೆ ಈ ನಾಲ್ಕು ತಾಲ್ಲೂಕುಗಳ ಲೋಹವೆಲ್ಲ ಯಾವ ಕಾಲದಲ್ಲಿಯೂ ಹೊರಗಿನಿಂದಲೇ ಬಂದದ್ದು. ಅದರ ಬೆಲೆ ನಿರ್ಧಾರವಾದದ್ದೂ ಈ ಸೀಮೆಯವರ ಮಾತು ನಡೆಯದ ದೂರದ ಸುಂಕದ ಕಟ್ಟೆಗಳಲ್ಲಿಯೇ.

ಸುಂಕವೆಂಬುದು ಇಲ್ಲಿಗೆ ಹೊಸದೇನಲ್ಲ. ಈ ಪ್ರದೇಶದ ಬಹುಪಾಲು ತರ್ದವಾಡಿ ಸಾವಿರವೆಂಬ ಆಡಳಿತ ವಿಭಾಗಕ್ಕೆ ಸೇರಿದ್ದ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ದೊಡ್ಡ ಪ್ರಮಾಣದ ಸರಕಿನ ಮೇಲೆ ವಿಧಿಸುತ್ತಿದ್ದ ಹೆಜ್ಜುಂಕ, ವಡ್ಡರಾವುಳ ಮೊದಲಾದ ತೆರಿಗೆಗಳೂ ಅವನ್ನು ವಸೂಲು ಮಾಡುವ ಅಧಿಕಾರಿಗಳೂ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಆ ಲೆಕ್ಕವೆಲ್ಲ ಹೇರಿನದು, ಅಂದರೆ ಎತ್ತಿನ ಬೆನ್ನ ಮೇಲೆ ಹೊರಿಸಿದ ಒಂದು ಹೊರೆಯದು. ಮರಾಠರ ಕಾಲಕ್ಕೆ ಇದೇ ಜಕಾತಿಯೆಂಬ ಹೆಸರಿನಲ್ಲಿ ನಾಡಿನುದ್ದಕ್ಕೂ ಹಬ್ಬಿಕೊಂಡು, ಸರಕು ದಾಟುವ ಒಂದೊಂದು ಹದ್ದಿಗೂ ಒಂದೊಂದು ಪಾಲು ತೆರುವಂತಾಯಿತು. ಬೊಂಬಾಯಿ ಪ್ರಾಂತ್ಯದಲ್ಲಿ ಇಂಥ ಒಳನಾಡಿನ ಸಾಗಣೆ ಸುಂಕಗಳು ರದ್ದಾದದ್ದು 1830ರ ದಶಕದ ಕೊನೆಗೆ. ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಕಬ್ಬಿಣದಂಥ ಸರಕಿಗೆ ಇಂಥ ಕಟ್ಟೆಗಳು ಎಷ್ಟು ಭಾರವಾಗಿದ್ದವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಭಾರ ಕೊನೆಗೆ ಯಾರ ಹೆಗಲಿಗೆ ಬಿತ್ತೆಂಬುದನ್ನು ತಿಳಿಯಬೇಕಾದರೆ ಊರ ಕಂಬಾರನ ಆಯದ ವ್ಯವಸ್ಥೆಯನ್ನು ನೋಡಬೇಕು. ಆಯವೆಂದರೆ ಊರಿಗೆ ಬೇಕಾದ ಕಸುಬನ್ನು ವರ್ಷವಿಡೀ ಮಾಡಿಕೊಟ್ಟವನಿಗೆ ಸುಗ್ಗಿಯಲ್ಲಿ ಕಣದ ಮೇಲೆ ಒಕ್ಕಲಿಗ ಅಳೆದುಕೊಡುವ ಕಾಳಿನ ಪಾಲು. ಕಂಬಾರನು ಕುಂಟೆಯ ಕುಡ ಹಣಿಯುವುದು, ಕೂರಿಗೆಯ ಕಬ್ಬಿಣ ಚೂಪು ಮಾಡುವುದು, ಕುಡಗೋಲಿಗೆ ಹಲ್ಲು ಕಡಿಯುವುದು ಎಲ್ಲವೂ ಈ ಆಯದೊಳಗೇ ಬರುತ್ತಿತ್ತು. ಆದರೆ ಆಯ ಕೂಲಿಗಷ್ಟೇ ಸಂಬಂಧಿಸಿದ್ದು. ಕಬ್ಬಿಣವನ್ನೂ ಸಾಮಾನ್ಯವಾಗಿ ಇದ್ದಿಲನ್ನೂ ಒಕ್ಕಲಿಗನೇ ತಂದುಕೊಡಬೇಕಾಗಿತ್ತು. ತಿದಿ, ಅಡಿಗಲ್ಲು, ಸುತ್ತಿಗೆ ಕಂಬಾರನವು, ಅಡಿಗಲ್ಲಿನ ಮೇಲೆ ಕಾದು ಕೆಂಪಾಗಿರುವ ಲೋಹ ಒಕ್ಕಲಿಗನದು. ಪರಿಣಾಮವಾಗಿ ಕಬ್ಬಿಣದ ಬೆಲೆ ಏರಿದಾಗ ಅದರ ಪೆಟ್ಟು ನೇರವಾಗಿ ಒಕ್ಕಲಿಗನಿಗೆ ತಗಲುತ್ತಿತ್ತು. ಇಳಿದಾಗ ಲಾಭವೂ ಅವನದೇ. ಕಂಬಾರನ ಪಾಲು ಕಬ್ಬಿಣದ ಪೇಟೆಯನ್ನು ಅನುಸರಿಸದೆ ಮಳೆಯನ್ನು ಅನುಸರಿಸುತ್ತಿತ್ತು.

ಬಂಡಿಯ ಗಾಲಿಗೆ ಹಳಿ ಕಟ್ಟುವ ಕೆಲಸದಲ್ಲಿ ಈ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಹಳಿಯೆಂದರೆ ಮರದ ಗಾಲಿಯ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ. ಅದನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬಾಗಿಸಿ, ಎರಡು ತುದಿಗಳನ್ನು ಕಾಯಿಸಿ ಬಡಿದು ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಹಿಗ್ಗುವವರೆಗೆ ಕಾಯಿಸಿ, ನಾಲ್ಕಾರು ಮಂದಿ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲಿಳಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಕುಗ್ಗಿದ ಹಳಿ ಅರ ಅರವನ್ನೂ ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ಕಬ್ಬಿಣ ಅಗ್ಗವಿದ್ದ ವರ್ಷಗಳಲ್ಲಿ ದಪ್ಪ ಪಟ್ಟಿಯ ಹೊಸ ಹಳಿ ಬೀಳುತ್ತಿತ್ತು. ತುಟ್ಟಿಯಾದಾಗ ಸಡಿಲಾದ ಹಳೆಯ ಹಳಿಯನ್ನೇ ಬೆರಳಗಲ ಕತ್ತರಿಸಿ ಮತ್ತೆ ಬೆಸೆದು ಕಟ್ಟುತ್ತಿದ್ದರು. ಮತ್ತೂ ತುಟ್ಟಿಯಾದರೆ ಹಳಿಯಿಲ್ಲದ ಗಾಲಿ ಎರೆಮಣ್ಣಿನ ಹಾದಿಯಲ್ಲಿ ಹಾಗೆಯೇ ಓಡಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಈ ಕಬ್ಬಿಣದ ಒಂದು ಭಾಗವಾದರೂ ಹತ್ತಿರದಿಂದಲೇ ಬರುತ್ತಿತ್ತು. ಕೃಷ್ಣೆಯ ದಕ್ಷಿಣಕ್ಕೆ, ಅಂದಿನ ಕಲಾದಗಿ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಕಡೆ ಕಬ್ಬಿಣದ ಅದಿರಿತ್ತು. ಅದನ್ನು ಇದ್ದಿಲಿನೊಂದಿಗೆ ಸಣ್ಣ ಮಣ್ಣಿನ ಕುಲುಮೆಗಳಲ್ಲಿ ಕರಗಿಸಿ ಮುದ್ದೆ ಮಾಡುವ ಕಸುಬೂ ಇತ್ತು. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು 1876ರಲ್ಲಿ ಗ್ರಂಥ ಪ್ರಕಟಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ನಾಡನ್ನು ಸುತ್ತಿ ನೋಡುವ ಹೊತ್ತಿಗೆ ಆ ಕಸುಬು ಇಳಿಮುಖವಾಗಿತ್ತು. ಅಡವಿ ಕರಗಿ ಇದ್ದಿಲು ತುಟ್ಟಿಯಾದದ್ದು ಒಂದು ಕಾರಣ. ಕಲ್ಲಿದ್ದಲಿನಿಂದ ಉರಿಯುವ ದೊಡ್ಡ ಕುಲುಮೆಗಳಲ್ಲಿ ತಯಾರಾದ ಇಂಗ್ಲೆಂಡಿನ ಕಬ್ಬಿಣ ಅಗ್ಗವಾಗಿ ಬೊಂಬಾಯಿಗೆ ಬಂದಿಳಿಯತೊಡಗಿದ್ದು ಇನ್ನೊಂದು. ದೇಶೀ ಕೈಗಾರಿಕೆಯ ನಾಶವೆಂದು ಒಂದೇ ಮಾತಿನಲ್ಲಿ ಹೇಳುವ ರೂಢಿ ಇಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅದಿರು ಕರಗಿಸುವವನ ಬಾಯಿಗೆ ಮಣ್ಣು ಹಾಕಿದ ಅದೇ ಪರದೇಶಿ ಕಬ್ಬಿಣ, ಕೃಷ್ಣೆಯ ಉತ್ತರದ ಕಂಬಾರನ ಅಡಿಗಲ್ಲಿಗೆ ಹೆಚ್ಚು ಕೆಲಸ ಒದಗಿಸಿತು. ಒಬ್ಬನ ಸಿದ್ಧವಸ್ತು ಇನ್ನೊಬ್ಬನ ಕಚ್ಚಾಮಾಲು. ಲೋಹದ ಸುಂಕದ ಇತಿಹಾಸವೆಲ್ಲ ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಲಾಯಿತೆಂಬುದರ ಇತಿಹಾಸವೇ ಆಗಿದೆ.

ಬೆಲೆಯನ್ನು ಸುಂಕಕ್ಕಿಂತಲೂ ಹೆಚ್ಚಾಗಿ ದೂರವೇ ನಿರ್ಧರಿಸುತ್ತಿದ್ದ ಕಾಲದ ಸಾಕ್ಷಿಯೊಂದು ಬಿಜಾಪುರದ ಕೋಟೆಯ ಮೇಲೆ ಈಗಲೂ ಕುಳಿತಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ತಾಮ್ರ ಮತ್ತು ತವರದ ಮಿಶ್ರಲೋಹದ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಸಾತಾರಾ ಸಂಸ್ಥಾನವನ್ನು ಬ್ರಿಟಿಷರು ವಶಪಡಿಸಿಕೊಂಡ ಕೆಲವು ವರ್ಷಗಳಿಗೆ, 1854ರಲ್ಲಿ, ಉಪಯೋಗಕ್ಕೆ ಬಾರದ ಹಳೆಯ ತೋಪುಗಳನ್ನು ಮಾರಿಬಿಡುವಂತೆ ಆಜ್ಞೆಯಾದಾಗ ಇದಕ್ಕೆ ಹರಾಜಿನಲ್ಲಿ ಬಂದ ಬೆಲೆ 150 ರೂಪಾಯಿ. ಟನ್ನಿಗೆ ಮೂರು ರೂಪಾಯಿಯೂ ಆಗಲಿಲ್ಲ. ಕೊಂಡವನು ಅದನ್ನು ತುಂಡರಿಸಬೇಕು, ತುಂಡುಗಳನ್ನು ಬಂಡಿಯಲ್ಲಿ ಹೇರಿ ಕರಗಿಸುವ ಊರಿಗೆ ಒಯ್ಯಬೇಕು. ಆ ಖರ್ಚಿನ ಮುಂದೆ ತಾಮ್ರಕ್ಕೆ ಬೆಲೆಯೇ ಉಳಿಯಲಿಲ್ಲವೆಂದು ಊಹಿಸಬಹುದು. ಜನರು ತೋಪಿನ ಮೇಲಿಟ್ಟಿದ್ದ ಗೌರವ ಅಧಿಕಾರಿಯೊಬ್ಬನ ಗಮನಕ್ಕೆ ಬಂದು ಮಾರಾಟ ರದ್ದಾಯಿತು.

ದೂರವನ್ನು ಕಿರಿದುಗೊಳಿಸಿದ್ದು ರೈಲು. ಬೊಂಬಾಯಿಯಿಂದ ಸೊಲ್ಲಾಪುರ, ಹೋಟಗಿ, ಕಲಬುರ್ಗಿಗಳ ಮೂಲಕ ಸಾಗುವ ಅಗಲ ಹಳಿಯ ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. ಕ್ಷಾಮ ಬಂದಾಗ ಕಾಳು ಸಾಗಿಸುವ ಉದ್ದೇಶವೂ ಇದ್ದ, ಹೋಟಗಿಯಿಂದ ಬಿಜಾಪುರದ ಮೂಲಕ ಗದಗಿಗೆ ಹೋಗುವ ಮೀಟರ್ ಗೇಜ್ ಮಾರ್ಗ 1884ರಲ್ಲಿ ತೆರೆಯಿತು. ಎರಡು ಮಾರ್ಗಗಳ ಹಳಿಗಳ ನಡುವಿನ ಅಗಲ ಬೇರೆಬೇರೆಯಾದ ಕಾರಣ ಬೊಂಬಾಯಿಯ ಕಬ್ಬಿಣವನ್ನು ಹೋಟಗಿಯಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗಿತ್ತು. ಆ ಹಮಾಲಿಯೂ ದರದಲ್ಲಿ ಸೇರಿಕೊಳ್ಳುತ್ತಿತ್ತು. ಹೊಸ ಮಾರ್ಗ ನಾಲ್ಕು ತಾಲ್ಲೂಕುಗಳನ್ನು ಎರಡಾಗಿ ಒಡೆಯಿತು. ಇಂಡಿಗೆ ಇಂಡಿ ರೋಡ್ ನಿಲ್ದಾಣ, ಬಾಗೇವಾಡಿಗೆ ಬಾಗೇವಾಡಿ ರೋಡ್ ನಿಲ್ದಾಣ ದೊರೆತವು. ನಿಲ್ದಾಣದ ಹೆಸರಿನಲ್ಲಿ ರೋಡ್ ಎಂದಿದ್ದರೆ ಊರು ದೂರವಿದೆಯೆಂದೇ ರೈಲಿನವರ ಭಾಷೆಯಲ್ಲಿ ಅರ್ಥ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅದೂ ಸಿಗಲಿಲ್ಲ. ಅಲ್ಲಿಗೆ ಕಬ್ಬಿಣ ಹೋಗಬೇಕಾದರೆ ಮತ್ತೆ ಬಂಡಿಯೇ ಗತಿ.

ಸುಂಕದ ಕತೆಗೆ ಬಂದರೆ, 1882ರಲ್ಲಿ ಮುಕ್ತ ವ್ಯಾಪಾರದ ತತ್ತ್ವಕ್ಕೆ ಮಣಿದ ಭಾರತ ಸರಕಾರ ಆಮದಿನ ಮೇಲಿನ ಸಾಮಾನ್ಯ ಸುಂಕಗಳನ್ನೆಲ್ಲ ತೆಗೆದುಹಾಕಿತು. ಹೀಗಾಗಿ ಬಿಜಾಪುರಕ್ಕೆ ರೈಲು ಬಂದ ಕಾಲಕ್ಕೆ ಕಬ್ಬಿಣ ಸುಂಕವಿಲ್ಲದೆ ಬರುತ್ತಿತ್ತು. ಖಜಾನೆ ಬರಿದಾದ ಕಾರಣ 1894ರಲ್ಲಿ ಸುಂಕಗಳನ್ನು ಮರಳಿ ಹಾಕಿದಾಗಲೂ ಬಹುತೇಕ ಸರಕುಗಳಿಗೆ ಶೇಕಡಾ 5 ಇದ್ದರೆ ಕಬ್ಬಿಣ ಮತ್ತು ಉಕ್ಕಿಗೆ ಶೇಕಡಾ 1 ಮಾತ್ರವಿತ್ತು. ಆ ಔದಾರ್ಯದ ಹಿಂದೆ ಬ್ರಿಟನ್ನಿನ ಉಕ್ಕಿನ ಗಿರಣಿಗಳ ಹಿತವಿತ್ತೆಂಬುದರಲ್ಲಿ ಸಂದೇಹ ಪಡಬೇಕಾಗಿಲ್ಲ; ಆದರೂ ಇಂಡಿಯ ಒಕ್ಕಲಿಗನ ಮಟ್ಟಿಗೆ ಅದು ಔದಾರ್ಯವೇ ಆಗಿತ್ತು.

ಪೂರ್ವ ಗಡಿಯಲ್ಲಿ ಪರಿಸ್ಥಿತಿ ಬೇರೆ. ಇಂಡಿ ಮತ್ತು ಸಿಂದಗಿಗಳ ಆಚೆಗೆ ಅಫಜಲಪುರ, ಜೇವರ್ಗಿ, ಮುದ್ದೇಬಿಹಾಳದ ಆಚೆಗೆ ಸುರಪುರ, ಲಿಂಗಸೂಗೂರು ನಿಜಾಮನ ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನಕ್ಕೆ ತನ್ನದೇ ಆದ ಸುಂಕದ ಇಲಾಖೆಯಿತ್ತು. ಅದರ ಹೆಸರು ಕರೋಡಗಿರಿ. ಈಸ್ಟ್ ಇಂಡಿಯಾ ಕಂಪನಿಯೊಂದಿಗೆ 1802ರಲ್ಲಾದ ವಾಣಿಜ್ಯ ಒಪ್ಪಂದ ಗಡಿ ದಾಟುವ ಸರಕಿನ ಮೇಲಿನ ಸುಂಕವನ್ನು ಶೇಕಡಾ 5ಕ್ಕೆ ಕಟ್ಟಿಹಾಕಿತ್ತು. ಆದ್ದರಿಂದ 1894ರ ನಂತರ ಬೊಂಬಾಯಿ ಬಂದರಿನಲ್ಲಿ ಶೇಕಡಾ 1 ತೆತ್ತು ಬಂದ ಕಬ್ಬಿಣದ ಪಟ್ಟಿ, ಸಿಂದಗಿಯ ಸಂತೆಯಿಂದ ಆಚೆಯ ಹಳ್ಳಿಗೆ ಹೋಗಬೇಕಾದರೆ ಅದರ ಐದು ಪಟ್ಟು ತೆರಬೇಕಾಗುತ್ತಿತ್ತು. ಎರಡೂ ಕಡೆ ಒಂದೇ ಭಾಷೆ, ಒಂದೇ ಬೆಳೆ, ಬೀಗತನ ನಡೆಯುವ ಮನೆತನಗಳು. ನಡುವೆ ಮಾತ್ರ ಸುಂಕದ ನಾಕೆ. ನಾಣ್ಯವೂ ಬೇರೆಯೇ: ಈಚೆಗೆ ಕಲ್ದಾರ ರೂಪಾಯಿ, ಅಂದರೆ ಬ್ರಿಟಿಷ್ ಸರಕಾರದ ಯಂತ್ರದಲ್ಲಿ ಮುದ್ರಿತವಾದದ್ದು, ಆಚೆಗೆ ನಿಜಾಮನ ಟಂಕಸಾಲೆಯ ಹಾಲಿ ಸಿಕ್ಕಾ. ಆರು ಕಲ್ದಾರ ರೂಪಾಯಿಗೆ ಏಳು ಹಾಲಿ ಸಿಕ್ಕಾ ಎಂಬುದು ಸರಕಾರಿ ದರ. ಸರಾಫನು ಕೊಡುತ್ತಿದ್ದ ದರ ಅವನ ಮನಸ್ಸಿಗೆ ಬಿಟ್ಟದ್ದು. ಇಂಥ ಗಡಿಯಲ್ಲಿ ಕಬ್ಬಿಣದ ಅಂಗಡಿಕಾರನಿಗೆ ಮೂರು ಲೆಕ್ಕ ಬೇಕಾಗಿದ್ದವು: ಬೊಂಬಾಯಿಯ ಧಾರಣೆ, ನಾಕೆಯ ಸುಂಕ, ಸಿಕ್ಕೆಯ ಬಟ್ಟಾ, ಅಂದರೆ ನಾಣ್ಯ ಬದಲಿಸುವಾಗಿನ ಕಡಿತ.

ಬೆಳ್ಳಿಯೂ ಲೋಹವೇ, ಬರಗಾಲದ ಈ ಸೀಮೆಯಲ್ಲಿ ಅದಕ್ಕೆ ಕಬ್ಬಿಣಕ್ಕಿಂತ ಹೆಚ್ಚಿನ ಮಹತ್ವವಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಮುಗಿಲು ಮುಟ್ಟಿದಾಗ ದಖನ್ನಿನ ಹತ್ತಿ ಸೀಮೆಗೆಲ್ಲ ಬೆಳ್ಳಿ ಹರಿದುಬಂತು; ಬಂಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದ ಒಕ್ಕಲಿಗರ ಕತೆಗಳು ಆಗ ಹುಟ್ಟಿಕೊಂಡಂಥವು. ಹಳಿಯ ಮಾತು ಹೇಗೇ ಇರಲಿ, ವಂಕಿ, ಕಡಗ, ಡಾಬುಗಳ ರೂಪದಲ್ಲಿ ಮನೆ ಸೇರಿದ ಬೆಳ್ಳಿ 1876–78ರ ಮಹಾಕ್ಷಾಮದಲ್ಲಿ ಹೊರಬಂದು ಪತ್ತಾರರ ಹಾಗೂ ಸಾಹುಕಾರರ ಮೂಲಕ ಬೊಂಬಾಯಿಯ ಟಂಕಸಾಲೆಯ ಮೂಸೆಗೆ ಬಿತ್ತು. 1872ರ ಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ 6,38,493ಕ್ಕೆ ಇಳಿದದ್ದನ್ನು ನೋಡಿದರೆ ಆ ಬೆಳ್ಳಿಯೂ ಎಷ್ಟೋ ಮನೆಗಳಿಗೆ ಸಾಲಲಿಲ್ಲವೆಂಬುದು ತಿಳಿಯುತ್ತದೆ.

ಆಗ ಒಂದು ಅನುಕೂಲವಾದರೂ ಇತ್ತು. ಯಾರೇ ಬೆಳ್ಳಿ ಒಯ್ದರೂ ಅದನ್ನು ರೂಪಾಯಿಯಾಗಿ ಮುದ್ರಿಸಿಕೊಡುವ ಪದ್ಧತಿ ಇದ್ದುದರಿಂದ ಒಂದು ತೊಲ ಬೆಳ್ಳಿಯ ಒಡವೆಗೆ ಹೆಚ್ಚುಕಡಿಮೆ ಒಂದು ರೂಪಾಯಿ ಸಿಗುತ್ತಿತ್ತು. ಜಾಗತಿಕ ಪೇಟೆಯಲ್ಲಿ ಬೆಳ್ಳಿ ಕುಸಿಯುತ್ತ ಹೋಗಿ, ಇಂಗ್ಲೆಂಡಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಳಿಸಬೇಕಾಗಿದ್ದ ಸರಕಾರದ ಖಜಾನೆ ಕಂಗೆಟ್ಟಾಗ, 1893ರ ಜೂನಿನಲ್ಲಿ ಟಂಕಸಾಲೆಗಳ ಬಾಗಿಲನ್ನು ಖಾಸಗಿ ಬೆಳ್ಳಿಗೆ ಮುಚ್ಚಲಾಯಿತು. ರೂಪಾಯಿಯ ಬೆಲೆ ನಿಂತಿತು, ಬೆಳ್ಳಿಯ ಬೆಲೆ ಬಿತ್ತು. 1896–97ರ ಬರದಲ್ಲಿ ಅದೇ ಕಡಗವನ್ನು ಮಾರಲು ಹೋದವರಿಗೆ ರೂಪಾಯಿಯ ತೂಕದ ಬೆಳ್ಳಿಗೆ ರೂಪಾಯಿಯ ಮೂರರಲ್ಲಿ ಎರಡು ಪಾಲಿನಷ್ಟೇ ಬೆಲೆ ಉಳಿದಿತ್ತು. ಸಾಹುಕಾರನ ಕಡಿತ ಬೇರೆ. ಕಂದಾಯವನ್ನು ಮಾತ್ರ ಪೂರ್ತಿ ರೂಪಾಯಿಯಲ್ಲಿಯೇ ಕಟ್ಟಬೇಕಾಗಿತ್ತು. ಯಾವ ಸುಂಕದ ಪಟ್ಟಿಯಲ್ಲಿಯೂ ಕಾಣದ ಈ ನಷ್ಟ ಕಬ್ಬಿಣದ ಸುಂಕಗಳೆಲ್ಲ ಕೂಡಿ ಮಾಡಿದ ನಷ್ಟಕ್ಕಿಂತ ದೊಡ್ಡದಿದ್ದಿರಬೇಕು. ಮುಂದೆ 1910ರಲ್ಲಿ ಆಮದಾಗುವ ಬೆಳ್ಳಿಯ ಮೇಲೆ ಔನ್ಸಿಗೆ 4 ಆಣೆ ಸುಂಕ ಬಿದ್ದು, 1920ರಲ್ಲಿ ಅದು ರದ್ದಾಗಿ, 1930ರಲ್ಲಿ ಮತ್ತೆ ಬಂತು.

ಕಂಬಾರನ ಕಸುಬಿಗೆ ನಿಜವಾದ ಸವಾಲು ಎಸೆದದ್ದು ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣದ ನೇಗಿಲು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ, ಬಳಿಕ ನೇಗಿಲು ತಯಾರಿಸತೊಡಗಿ, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಎರೆಹೊಲದಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆಯನ್ನು ಕಿತ್ತೊಗೆಯಲು ಕಬ್ಬಿಣದ ನೇಗಿಲು ಮರದ ರಂಟೆಗಿಂತ ಸಮರ್ಥವಾದುದರಿಂದ ಅದಕ್ಕೆ ಗಿರಾಕಿಗಳು ದೊರೆತರು. ಆದರೆ ಅಂದಿನ ಸುಂಕದ ಪಟ್ಟಿಯನ್ನು ಗಮನಿಸಬೇಕು. ಎತ್ತು ಅಥವಾ ಆಳಿನ ಬಲದಿಂದ ನಡೆಯುವ ನೇಗಿಲು, ಕುಂಟೆ, ಕೂರಿಗೆ, ಮೇವು ಕತ್ತರಿಸುವ ಯಂತ್ರಗಳು ಪರದೇಶದಿಂದ ಬಂದರೆ ಸುಂಕವಿಲ್ಲ. ಅವನ್ನೇ ಇಲ್ಲಿ ತಯಾರಿಸಲು ಬೇಕಾದ ಕಬ್ಬಿಣ ಬಂದರೆ ಸುಂಕವುಂಟು. ಶೇಕಡಾ 1ರಷ್ಟಿದ್ದಾಗ ಇದು ಕೇವಲ ವಿಪರ್ಯಾಸವಾಗಿತ್ತು. 1916ರಲ್ಲಿ ಶೇಕಡಾ 2½, 1922ರಲ್ಲಿ ಶೇಕಡಾ 10 ಆದಾಗ ತೊಡಕಾಯಿತು. ಒಕ್ಕಲಿಗನಿಗೆ ಅಗ್ಗದ ಸಲಕರಣೆ ಸಿಗಲೆಂಬ ಒಳ್ಳೆಯ ಉದ್ದೇಶವೇ ಅದನ್ನು ಈ ನೆಲದಲ್ಲಿ ತಯಾರಿಸುವವನ ಕಾಲು ಹಿಡಿದೆಳೆಯಿತು.

ಜಮ್‌ಶೆಡ್‌ಪುರದಲ್ಲಿ 1912ರಿಂದ ಉಕ್ಕು ತಯಾರಿಸುತ್ತಿದ್ದ ಟಾಟಾ ಕಾರ್ಖಾನೆ ಮೊದಲ ಮಹಾಯುದ್ಧದ ನಂತರ ಯೂರೋಪಿನ ಅಗ್ಗದ ಉಕ್ಕಿನೆದುರು ತತ್ತರಿಸಿದಾಗ, ಇಬ್ರಾಹಿಂ ರಹಿಮತುಲ್ಲಾ ಅವರ ಅಧ್ಯಕ್ಷತೆಯ ಹಣಕಾಸಿನ ಆಯೋಗ ಆಯ್ದ ಕೈಗಾರಿಕೆಗಳಿಗೆ ರಕ್ಷಣೆ ನೀಡುವ ನೀತಿಯನ್ನು ಸೂಚಿಸಿತು. ಅದರಂತೆ 1924ರ ಉಕ್ಕು ಕೈಗಾರಿಕೆ ರಕ್ಷಣಾ ಕಾಯಿದೆ ಬಂತು. ರಕ್ಷಣಾ ಸುಂಕವೆಂದರೆ ಖಜಾನೆ ತುಂಬಲು ಅಲ್ಲದೆ ಪರದೇಶಿ ಸರಕನ್ನು ಬೇಕೆಂದೇ ತುಟ್ಟಿ ಮಾಡಲು ಹಾಕುವ ಸುಂಕ. ಕಂಬಾರರು ಬಳಸುವ ಸಾಮಾನ್ಯ ಪಟ್ಟಿ, ಸಲಾಕೆಗಳಿಗೆ ಟನ್ನಿಗೆ 40 ರೂಪಾಯಿ ಬಿತ್ತು. ಲೆಕ್ಕ ಹಾಕಿದರೆ ಐದು ಪೌಂಡು ತೂಗುವ ಕುಡವೊಂದಕ್ಕೆ ಇದು ಒಂದೂವರೆ ಆಣೆಯ ಹತ್ತಿರ. ನೂರು ಪೌಂಡು ತೂಗುವ ಹಳಿಯ ಜೋಡಿಗೆ ಒಂದೂಮುಕ್ಕಾಲು ರೂಪಾಯಿ. ರಾಷ್ಟ್ರೀಯ ಕೈಗಾರಿಕೆಯನ್ನು ಬೆಳೆಸಲು ಇದು ಅಗತ್ಯವಾಗಿತ್ತೆಂದು ಒಪ್ಪಬಹುದು, ಒಪ್ಪಲೂಬೇಕು. ಆದರೆ ಜಮ್‌ಶೆಡ್‌ಪುರದ ರಕ್ಷಣೆಗೆ ತೆತ್ತವರಲ್ಲಿ ಮುದ್ದೇಬಿಹಾಳದ ಬಂಡಿಯವನೂ ಒಬ್ಬನೆಂಬುದು ಆ ಕಾಲದ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. 1927ರಲ್ಲಿ ಬ್ರಿಟಿಷ್ ಉಕ್ಕಿಗೆ ಕಡಿಮೆ, ಬೆಲ್ಜಿಯಂ ಮೊದಲಾದ ದೇಶಗಳ ಉಕ್ಕಿಗೆ ಹೆಚ್ಚು ಎಂಬ ಭೇದ ಬಂದಾಗ ಪೆಟ್ಟು ಬಿದ್ದದ್ದೂ ಇದೇ ಅಗ್ಗದ ಪಟ್ಟಿಗಳಿಗೆ. ಹಳ್ಳಿಯ ಕುಲುಮೆಗೆ ಪ್ರಮಾಣಪತ್ರವಿರುವ ಉಕ್ಕು ಬೇಕಾಗಿರಲಿಲ್ಲ, ಕಡಿಮೆ ಬೆಲೆಯದು ಬೇಕಾಗಿತ್ತು.

1929ರ ನಂತರದ ಮಹಾಮುಗ್ಗಟ್ಟಿನಲ್ಲಿ ಈ ಭಾರ ಇನ್ನೂ ತೀವ್ರವಾಯಿತು. ಜೋಳ, ಹತ್ತಿಗಳ ಬೆಲೆ ನಾಲ್ಕೈದು ವರ್ಷಗಳಲ್ಲಿ ಅರ್ಧದ ಆಸುಪಾಸಿಗೆ ಕುಸಿಯಿತು. ಟನ್ನಿನ ಲೆಕ್ಕದ ಸುಂಕ ಬೆಲೆಯೊಂದಿಗೆ ಇಳಿಯುವಂಥದಲ್ಲ. ಅದೇ ಕುಡಕ್ಕೆ ಮೊದಲಿಗಿಂತ ಹೆಚ್ಚು ಜೋಳ ಮಾರಬೇಕಾಯಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನವನ್ನು ಕೈಬಿಟ್ಟು, ಅಲ್ಲಿಯವರೆಗೆ ತೊಲಕ್ಕೆ 21 ರೂಪಾಯಿ ಚಿಲ್ಲರೆ ಇದ್ದ ಚಿನ್ನದ ಬೆಲೆ ಏರತೊಡಗಿದಾಗ, ಸಾಲ ಕಂದಾಯಗಳಿಗೆ ಬೇರೆ ದಾರಿಯಿಲ್ಲದ ಹಳ್ಳಿಗರು ಒಡವೆ ಮಾರಿದರು. ಭಾರತದಿಂದ ಚಿನ್ನದ ಹೊಳೆ ಲಂಡನ್ನಿನ ಕಡೆಗೆ ಹರಿಯಿತು. ಬಿಜಾಪುರದಲ್ಲಿ 1933ರಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಗಿ ಬದು, ಆಳ ಉಳುಮೆ, ಹರಗುವಿಕೆಗಳನ್ನು ಬೋಧಿಸಲು ಹೊರಟದ್ದು ಇಂಥ ಹೊತ್ತಿನಲ್ಲಿ. ಅದರ ಸಲಹೆಗಳಿಗೆಲ್ಲ ಕಬ್ಬಿಣ ಬೇಕಾಗಿತ್ತು.

ಎರಡನೆಯ ಮಹಾಯುದ್ಧ ಬೆಲೆಯ ಪ್ರಶ್ನೆಯನ್ನೇ ಹಿಂದಿಕ್ಕಿ ದೊರೆಯುವಿಕೆಯ ಪ್ರಶ್ನೆಯನ್ನು ಮುಂದೆ ತಂದಿತು. 1941ರ ನಿಯಂತ್ರಣ ಆಜ್ಞೆಯಿಂದ ಕಬ್ಬಿಣಕ್ಕೆ ಪರ್ಮಿಟ್ ಬೇಕಾಯಿತು, ಪರ್ಮಿಟ್ಟಿನ ಹಿಂದೆಯೇ ಕಾಳಸಂತೆಯೂ ಬಂತು. ಸ್ವಾತಂತ್ರ್ಯಾನಂತರವೂ ಈ ವ್ಯವಸ್ಥೆ ಬೇರೆಬೇರೆ ರೂಪಗಳಲ್ಲಿ ದಶಕಗಳ ಕಾಲ ಮುಂದುವರಿಯಿತು. 1956 ಎರಡು ಕಾರಣಗಳಿಂದ ಮುಖ್ಯವಾದ ವರ್ಷ. ನವೆಂಬರ್ 1ರಂದು ಬಿಜಾಪುರವೂ ಕಲಬುರ್ಗಿ, ರಾಯಚೂರುಗಳೂ ಒಂದೇ ರಾಜ್ಯಕ್ಕೆ ಸೇರಿ ನಿಜಾಮನ ಗಡಿಯೆಂಬುದು ಜಿಲ್ಲೆಯ ಹದ್ದು ಮಾತ್ರವಾಗಿ ಉಳಿಯಿತು. ಅದೇ ವರ್ಷ ಸಾಗಣೆ ವೆಚ್ಚ ಸಮೀಕರಣವೆಂಬ ನೀತಿ ಜಾರಿಗೆ ಬಂದು, ದೇಶದ ಯಾವುದೇ ರೈಲು ತುದಿಯಲ್ಲಿ ಉಕ್ಕಿಗೆ ಒಂದೇ ಬೆಲೆಯಾಯಿತು. ಬಿಹಾರದಂಥ ಅದಿರಿನ ನಾಡಿಗೆ ಇದರಿಂದ ಅನ್ಯಾಯವಾಯಿತೆಂಬ ದೂರು ನ್ಯಾಯವಾದದ್ದೇ. ಅದಿರಿಲ್ಲದ ಬಿಜಾಪುರದಂಥ ಜಿಲ್ಲೆಗೆ ಅದು ಲಾಭ ತಂದಿತು. ರೈಲಿಲ್ಲದ ಸಿಂದಗಿ, ಮುದ್ದೇಬಿಹಾಳಗಳು ನಿಲ್ದಾಣದಿಂದಾಚೆಗಿನ ಲಾರಿ ಬಾಡಿಗೆಯನ್ನು ತಾವೇ ತೆತ್ತವು. 1992ರಲ್ಲಿ ಈ ನೀತಿ ಕೊನೆಗೊಂಡಿತು.

ಅಷ್ಟರಲ್ಲಿ ಕಂಬಾರನ ಗಿರಾಕಿಯೇ ಬದಲಾಗಿದ್ದ. ರಬ್ಬರ್ ಟಾಯರಿನ ಬಂಡಿ ಹಳಿಯ ಕೆಲಸವನ್ನು ತಿಂದಿತು, ಟ್ರ್ಯಾಕ್ಟರು ರಂಟೆಯನ್ನು ಮೂಲೆಗೆ ತಳ್ಳಿತು, ತಾಮ್ರ ಹಿತ್ತಾಳೆಯ ಕೊಡ, ಹಂಡೆಗಳ ಜಾಗಕ್ಕೆ ಸ್ಟೀಲಿನ ಪಾತ್ರೆ ಬಂದು ಕಲಾಯಿಗಾರನ ಕೂಗು ನಿಂತಿತು. ಉಳಿದ ಕುಲುಮೆಗಳಿಗೆ ಕಚ್ಚಾಮಾಲು ಹೊಸ ಪಟ್ಟಿಯಾಗಿರದೆ ಗುಜರಿಯ ಲಾರಿ ಪಾಟಾ, ಸವೆದ ಸಲಾಕೆಗಳಾದವು. 2017ರ ಸರಕು ಮತ್ತು ಸೇವಾ ತೆರಿಗೆಯಲ್ಲಿ ಹಳೆಯ ಗೆರೆ ಹೊಸದಾಗಿ ಮೂಡಿದೆ. ಕುಡಗೋಲು, ಗುದ್ದಲಿ, ಸಲಿಕೆಗಳಂಥ ಕೈ ಸಲಕರಣೆಗಳಿಗೆ ತೆರಿಗೆಯಿಲ್ಲ. ಅವನ್ನು ಮಾಡುವ ಉಕ್ಕಿಗೆ ಶೇಕಡಾ 18. ಮಾರುವ ಸರಕಿಗೆ ತೆರಿಗೆಯಿಲ್ಲದವನಿಗೆ ಕೊಳ್ಳುವಾಗ ತೆತ್ತ ತೆರಿಗೆಯನ್ನು ಮರಳಿ ಪಡೆಯುವ ಹಕ್ಕೂ ಇಲ್ಲದ ಕಾರಣ, ಬಿಲ್ಲು ಮಾಡಿಸಿ ಕಬ್ಬಿಣ ಕೊಂಡ ಕಂಬಾರನ ಕುಡಗೋಲಿನೊಳಗೆ ಆ 18 ಹಾಗೆಯೇ ಉಳಿಯುತ್ತದೆ. ಟ್ರ್ಯಾಕ್ಟರಿನ ನೇಗಿಲು ತಯಾರಿಸುವ ಕಾರ್ಖಾನೆ ಮೊದಲು ಶೇಕಡಾ 12, 2025ರ ಸೆಪ್ಟೆಂಬರಿನಿಂದ ಶೇಕಡಾ 5 ತೆರಿಗೆ ವಿಧಿಸಿ ಮಾರುತ್ತದೆ, ಉಕ್ಕಿನ ಮೇಲೆ ತೆತ್ತದ್ದನ್ನು ಲೆಕ್ಕದಲ್ಲಿ ಮರಳಿ ಪಡೆಯುತ್ತದೆ.